ಮಂಡಿಯ ದರಪಟ್ಟಿ: ಡಿವ್‌ನಲ್ಲಿ ಬರೆದರೆ ಹೇಗೆ, ಟೇಬಲ್‌ನಲ್ಲಿ ಬರೆದರೆ ಹೇಗೆ

ದಾವಣಗೆರೆಯ ದಲಾಲಿ ಮಂಡಿಯೊಂದಕ್ಕೆ ಬೇಕಾಗುವಂಥ ಪುಟ ಎಂದುಕೊಳ್ಳಿ. ಮೇಲೆ ಅಂಗಡಿ ಹೆಸರು, ಮೆನು. ನಡುವೆ ಮೆಕ್ಕೆಜೋಳ, ಭತ್ತ, ಹತ್ತಿ, ಶೇಂಗಾದ ದರಪಟ್ಟಿ. ಅದರ ಕೆಳಗೆ, ಯಾವ ಮಾಲು ಎಷ್ಟು ಕ್ವಿಂಟಲ್ ತರುತ್ತೇವೆಂದು ರೈತರು ಮೊದಲೇ ತಿಳಿಸುವ ಫಾರ್ಮ್. ಕೊನೆಗೆ ವಿಳಾಸ. ಈ ಒಂದೇ ಪುಟವನ್ನು ಎರಡು ಥರ ಬರೆದು ನೋಡಿದೆವು. ಒಂದರಲ್ಲಿ ಎಲ್ಲವೂ ಡಿವ್ ಮತ್ತು ಸ್ಪ್ಯಾನ್, ಅಂದರೆ ತಮ್ಮದೇ ಅರ್ಥವಿಲ್ಲದ ಎಚ್‌ಟಿಎಂಎಲ್ ಟ್ಯಾಗ್‌ಗಳು; ಕ್ಲಾಸ್ ಹೆಸರು ಮಾತ್ರ ಬೇರೆ ಬೇರೆ. ಇನ್ನೊಂದರಲ್ಲಿ ಹೆಸರೇ ಕೆಲಸ ಹೇಳುವ ಟ್ಯಾಗ್‌ಗಳು: ಹೆಡರ್, ನ್ಯಾವ್ (ಮೆನು), ಮೇನ್, ಟೇಬಲ್, ಫಾರ್ಮ್, ಬಟನ್, ಫುಟರ್. ಪುಟದ ಅಂದ ರೂಪಿಸುವ ಸಿಎಸ್‌ಎಸ್ ಹಾಕಿದ ಮೇಲೆ ನೋಡುವ ಕಣ್ಣಿಗೆ ಎರಡೂ ಒಂದೇ. ಮೌಸ್ ಪಕ್ಕಕ್ಕಿಟ್ಟು ಬರೀ ಕೀಬೋರ್ಡ್ ಹಿಡಿದಾಗ, ವಿಂಡೋಸ್‌ನಲ್ಲಿ ಎನ್‌ವಿಡಿಎ ಮತ್ತು ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು) ಹಚ್ಚಿದಾಗ ಬಣ್ಣ ಬಯಲಾಗುತ್ತದೆ.

ಮೊದಲು ದರಪಟ್ಟಿ, ಏಕೆಂದರೆ ಅಂತರ ಎದ್ದು ಕಾಣುವುದು ಅಲ್ಲೇ. ಡಿವ್‌ಗಳನ್ನು ಗ್ರಿಡ್‌ನಲ್ಲಿ ಜೋಡಿಸಿದ ಪುಟದಲ್ಲಿ ಸ್ಕ್ರೀನ್ ರೀಡರ್ ‘ಮೆಕ್ಕೆಜೋಳ, 840, 2100, 2350’ ಎಂದು ಒಂದಾದ ಮೇಲೊಂದು ಒದರುತ್ತ ಹೋಗುತ್ತದೆ (ಅಂಕಿ ಮಾದರಿಯವು). ಆವಕ ಯಾವುದು, ಕನಿಷ್ಠ ಯಾವುದು, ಗರಿಷ್ಠ ಯಾವುದು ಎಂಬುದು ಕೇಳುವವರ ನೆನಪಿಗೆ ಬಿಟ್ಟದ್ದು. ಟೇಬಲ್ ಇರುವ ಪುಟದಲ್ಲಿ ಎನ್‌ವಿಡಿಎ ಬಳಸುವವರು ಟಿ ಕೀ ಒತ್ತಿದರೆ ನೇರ ಪಟ್ಟಿಗೇ ಬರುತ್ತಾರೆ. ಕಂಟ್ರೋಲ್, ಆಲ್ಟ್ ಒತ್ತಿಹಿಡಿದು ಬಾಣದ ಕೀ ಒತ್ತಿದರೆ ಒಂದೊಂದೇ ಮನೆಗೆ ಹೋಗಬಹುದು. ಪಕ್ಕದ ಕಾಲಂಗೆ ಸರಿದರೆ ‘ಗರಿಷ್ಠ’ ಎಂದು ಹೇಳಿ ಆಮೇಲೆ ಅಂಕಿ ಓದುತ್ತದೆ. ಕೆಳಗಿನ ಸಾಲಿಗೆ ಇಳಿದರೆ ಮಾಲಿನ ಹೆಸರು ಹೇಳುತ್ತದೆ. ಇದಕ್ಕೆ ಮಾಡಬೇಕಾದ್ದು ಇಷ್ಟೇ: ಮೇಲಿನ ಸಾಲಿನ ಮನೆಗಳೆಲ್ಲ ಟಿಎಚ್ (ಶೀರ್ಷಿಕೆ ಮನೆ), ಸ್ಕೋಪ್ ಕಾಲ್ (ಕಾಲಂಗೆ); ಮಾಲಿನ ಹೆಸರೂ ಟಿಎಚ್, ಸ್ಕೋಪ್ ರೋ (ಸಾಲಿಗೆ); ಟೇಬಲ್ ತೆರೆದ ತಕ್ಷಣ ಕ್ಯಾಪ್ಷನ್‌ನಲ್ಲಿ ‘ಕ್ವಿಂಟಲ್‌ಗೆ ರೂಪಾಯಿಯಲ್ಲಿ’ ಎಂಬ ವಿವರ.

ಟೇಬಲ್‌ಗೂ ಒಂದು ಕಾಟ ಇದೆ. ಫೋನಿನಲ್ಲಿ ಅದು ಪರದೆ ದಾಟಿ ಆಚೆ ಚಾಚುತ್ತದೆ. ಆಗ ಅನೇಕರು ಟೇಬಲ್‌ಗೇ ಡಿಸ್‌ಪ್ಲೇ ಬ್ಲಾಕ್ ಕೊಟ್ಟು ಸ್ಕ್ರಾಲ್ ಬರಿಸುತ್ತಾರೆ. ಹಾಗೆ ಮಾಡಿದರೆ ಕೆಲವು ಬ್ರೌಸರ್‌ಗಳು, ಮುಖ್ಯವಾಗಿ ಹಳೆಯ ಆವೃತ್ತಿಗಳು, ಅದನ್ನು ಟೇಬಲ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತವೆ. ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಟೇಬಲ್ಲನ್ನು ಮುಟ್ಟದೆ ಅದರ ಹೊರಗೆ ಒಂದು ಡಿವ್ ಸುತ್ತಿ, ಓವರ್‌ಫ್ಲೋ ಎಕ್ಸ್ ಆಟೋ ಅದಕ್ಕೆ ಕೊಡಿ. ಕೀಬೋರ್ಡಿನಿಂದಲೂ ಸರಿಸಲು ಬರುವಂತೆ ಆ ಡಿವ್‌ಗೆ ಟ್ಯಾಬ್‌ಇಂಡೆಕ್ಸ್ 0, ರೋಲ್ ರೀಜನ್, ಜೊತೆಗೆ ಏರಿಯಾ ಲೇಬಲ್‌ನಲ್ಲಿ (aria-label, ಸ್ಕ್ರೀನ್ ರೀಡರ್ ಓದುವ ಹೆಸರು) ಒಂದು ಹೆಸರು ಇರಲಿ. ಡಿವ್ ಸರಿಯಾಗಿ ಹೊಂದುವುದು ಇಂಥ ಜಾಗಕ್ಕೇ.

ಇನ್ನು ಬಟನ್. ‘ಕಳುಹಿಸಿ’ ಎಂಬುದನ್ನು ಡಿವ್‌ನಲ್ಲಿ ಬರೆದು ಆನ್‌ಕ್ಲಿಕ್ ಕೊಟ್ಟರೆ ಮೌಸಿಗೂ ಬೆರಳಿಗೂ ಕೆಲಸ ಮಾಡುತ್ತದೆ. ಟ್ಯಾಬ್ ಒತ್ತುತ್ತ ಬಂದರೆ ಅದನ್ನು ಹಾರಿ ಮುಂದೆ ಹೋಗುತ್ತದೆ. ಸರಿಪಡಿಸಲು ಟ್ಯಾಬ್‌ಇಂಡೆಕ್ಸ್ 0 ಬೇಕು, ರೋಲ್ ಬಟನ್ ಬೇಕು, ಎಂಟರ್ ಮತ್ತು ಸ್ಪೇಸ್ ಎರಡಕ್ಕೂ ಸ್ಕ್ರಿಪ್ಟ್ ಬೇಕು. ಸ್ಪೇಸ್‌ಗೆ ಬ್ರೌಸರ್‌ನ ಸಹಜ ಕ್ರಿಯೆ ತಡೆಯುವ ಪ್ರಿವೆಂಟ್ ಡೀಫಾಲ್ಟ್ ಹಾಕದಿದ್ದರೆ ಪುಟವೇ ಕೆಳಗೆ ಜಾರುತ್ತದೆ. ನಿಜವಾದ ಬಟನ್ ಎಂಟರ್ ಒತ್ತಿದ ಕೂಡಲೇ, ಸ್ಪೇಸ್‌ನಿಂದ ಬೆರಳು ತೆಗೆದ ಮೇಲೆ ಕೆಲಸ ಮಾಡುತ್ತದೆ; ಆ ಸೂಕ್ಷ್ಮವನ್ನೂ ನೀವೇ ಬರೆಯಬೇಕು. ಡಿಸೇಬಲ್ಡ್ ಸ್ಥಿತಿಯನ್ನೂ ಕೈಯಾರೆ ನೋಡಿಕೊಳ್ಳಬೇಕು. ಬಟನ್ ಟ್ಯಾಗ್‌ನಲ್ಲಿ ಇದೆಲ್ಲ ಮೊದಲೇ ಬಂದಿರುತ್ತದೆ.

ಆದರೂ ಬಟನ್ ಎರಡು ಕಡೆ ಕೈ ಕೊಡುತ್ತದೆ. ಫಾರ್ಮ್ ಒಳಗೆ ಟೈಪ್ ಬರೆಯದ ಬಟನ್ ತಾನಾಗಿ ಸಬ್ಮಿಟ್ ಆಗಿಬಿಡುತ್ತದೆ. ‘ಇನ್ನೊಂದು ಮಾಲು ಸೇರಿಸಿ’ ಒತ್ತಿದರೆ ಅರ್ಧ ತುಂಬಿದ ಫಾರ್ಮ್ ಹೊರಟುಹೋಗುತ್ತದೆ. ಅಂಥದಕ್ಕೆ ಟೈಪ್ ಬಟನ್ ಎಂದೇ ಬರೆಯಬೇಕು. ಎರಡನೆಯದು ಕನ್ನಡ ಪುಟಗಳಲ್ಲಿ ಹೆಚ್ಚು ಕಾಡುತ್ತದೆ. ಬಟನ್ ತನ್ನ ಸುತ್ತಲಿನ ಫಾಂಟನ್ನು ತೆಗೆದುಕೊಳ್ಳುವುದಿಲ್ಲ; ಕ್ರೋಮ್‌ನಲ್ಲಿ ಅಕ್ಷರ 13.33 ಪಿಕ್ಸೆಲ್‌ಗೆ ಇಳಿದಿರುತ್ತದೆ. ಎತ್ತರವನ್ನು ಬಿಗಿಯಾಗಿ ಕಟ್ಟಿ ಓವರ್‌ಫ್ಲೋ ಮುಚ್ಚಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಫಾಂಟ್ ಇನ್‌ಹೆರಿಟ್ ಎಂದು ಬರೆದು, ಹೈಟ್ ಬದಲು ಮಿನ್ ಹೈಟ್ ಕೊಟ್ಟರೆ ಎರಡೂ ಸರಿಹೋಗುತ್ತವೆ.

ಫಾರ್ಮ್‌ನ ಉಳಿದ ಭಾಗದಲ್ಲಿ ಲೇಬಲ್ ಟ್ಯಾಗ್‌ಗೆ ಸಾಟಿ ಇಲ್ಲ. ಲೇಬಲ್‌ನ ಫಾರ್ ಮತ್ತು ಇನ್‌ಪುಟ್‌ನ ಐಡಿ ಒಂದೇ ಇದ್ದರೆ ‘ಎಷ್ಟು ಕ್ವಿಂಟಲ್?’ ಎಂಬ ಬರಹ ಮುಟ್ಟಿದರೂ ಕರ್ಸರ್ ಬಾಕ್ಸಿಗೆ ಹೋಗುತ್ತದೆ. ಸ್ಪ್ಯಾನ್‌ನಲ್ಲಿ ಬರೆದರೆ ಸ್ಕ್ರೀನ್ ರೀಡರ್‌ಗೆ ಅದು ಹೆಸರಿಲ್ಲದ ಬಾಕ್ಸ್. ಬಾಕ್ಸ್‌ಗಳನ್ನು ಗುಂಪು ಮಾಡುವ ಫೀಲ್ಡ್‌ಸೆಟ್ ಬಳಸುವವರು ಒಂದು ಗಮನಿಸಿ: ಅದು ಸಣ್ಣ ಪರದೆಯಲ್ಲಿ ಕುಗ್ಗಲು ಒಪ್ಪುವುದಿಲ್ಲ. ಮಿನ್ ಇನ್‌ಲೈನ್ ಸೈಜ್ 0 ಕೊಟ್ಟರೆ ದಾರಿಗೆ ಬರುತ್ತದೆ.

ಮೆನುವಿನಲ್ಲಿ ಡಿವ್ ಮತ್ತು ಆನ್‌ಕ್ಲಿಕ್ ಹಾಕಿ ಪುಟ ಬದಲಿಸುವುದು ಶುದ್ಧ ನಷ್ಟ. ಒತ್ತಿಹಿಡಿದರೆ ‘ಹೊಸ ಟ್ಯಾಬ್‌ನಲ್ಲಿ ತೆರೆ’ ಬರುವುದಿಲ್ಲ. ಗೂಗಲ್ ಹಿಂಬಾಲಿಸುವುದು ಎಚ್‌ರೆಫ್ ಇರುವ ಎ ಟ್ಯಾಗನ್ನು. ಹಾಗೆಂದು ಆರ್ಟಿಕಲ್, ಸೆಕ್ಷನ್ ತುಂಬಿದರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಎಂದು ಗಿರಾಕಿಗೆ ಹೇಳಿ ಬಿಲ್ ಏರಿಸುವುದು ಬೇಡ.

ಸೆಕ್ಷನ್ ವಿಚಾರದಲ್ಲಿ ನಮ್ಮ ಓಟು ಡಿವ್‌ಗೇ. ಏರಿಯಾ ಲೇಬಲ್ ಇತ್ಯಾದಿ ಮೂಲಕ ಹೆಸರು ಕೊಡದ ಸೆಕ್ಷನ್ ಲ್ಯಾಂಡ್‌ಮಾರ್ಕ್ (ಸ್ಕ್ರೀನ್ ರೀಡರ್ ನೇರ ಜಿಗಿಯಬಲ್ಲ ಭಾಗ) ಆಗುವುದೇ ಇಲ್ಲ. ಎನ್‌ವಿಡಿಎಯಲ್ಲಿ ಡಿ ಕೀ ಒತ್ತುತ್ತ ಹೋದರೆ ನ್ಯಾವ್, ಮೇನ್ ಸಿಗುತ್ತವೆ, ಅದು ಸಿಗುವುದಿಲ್ಲ. ಪ್ರತಿ ಸೆಕ್ಷನ್‌ಗೂ ಒಂದೊಂದು ಎಚ್1 (ಮೊದಲ ಮಟ್ಟದ ಹೆಡಿಂಗ್) ಹಾಕಬಹುದು, ಬ್ರೌಸರ್ ಅದರ ಮಟ್ಟ ತಾನೇ ಲೆಕ್ಕ ಹಾಕುತ್ತದೆ ಎಂಬ ಮಾತು ಎಚ್‌ಟಿಎಂಎಲ್5 ಕಾಲದಿಂದ ಉಳಿದಿದೆ. ಆ ನಿಯಮವನ್ನು ಬ್ರೌಸರ್‌ಗಳು ಪೂರ್ತಿ ಜಾರಿಗೆ ತರಲೇ ಇಲ್ಲ, 2022ರಲ್ಲಿ ಅದನ್ನು ಸ್ಟಾಂಡರ್ಡ್‌ನಿಂದಲೇ ತೆಗೆದರು. ಎಚ್1 ಒಂದು, ಅದರಡಿ ಎಚ್2, ಎಚ್3 ಎಂದು ಕೈಯಾರೆ ಇಳಿಸಿಕೊಂಡು ಹೋಗಿ.

ಮಂಡಿಯ ಪುಟಕ್ಕೂ ಬೆಣ್ಣೆದೋಸೆ ಚಿತ್ರ ಬೇಕು ಎನ್ನುವ ಮಾಲೀಕರು ಸಿಗಬಹುದು. ಬರೀ ಅಲಂಕಾರಕ್ಕಾದರೆ ಚಿತ್ರದ ವಿವರ ಬರೆಯುವ ಆಲ್ಟ್ ಖಾಲಿ ಇರಲಿ. ಆಲ್ಟ್ ಬರೆಯುವುದನ್ನೇ ಬಿಟ್ಟರೆ ಸ್ಕ್ರೀನ್ ರೀಡರ್ ಚಿತ್ರದ ಫೈಲ್ ಹೆಸರನ್ನು ಓದತೊಡಗಬಹುದು. ಎಚ್‌ಟಿಎಂಎಲ್ ಟ್ಯಾಗ್‌ಗೆ ಲ್ಯಾಂಗ್ ಕೆಎನ್ (ಭಾಷೆ ಕನ್ನಡ) ಎರಡೂ ಬಗೆಯ ಪುಟಕ್ಕೂ ಬೇಕೇ ಬೇಕು. ಇಲ್ಲದಿದ್ದರೆ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸುತ್ತದೆ.

ಈಗಾಗಲೇ ಡಿವ್‌ಮಯವಾಗಿರುವ ಹಳೆಯ ಸೈಟ್ ಕೈಗೆ ಬಂದರೆ ಎಲ್ಲ ಕಿತ್ತು ಬರೆಯುವ ಗೋಜು ಬೇಡ. ಬಟನ್, ಲಿಂಕ್, ಲೇಬಲ್ ಮೊದಲು; ಆಮೇಲೆ ಟೇಬಲ್ ಮತ್ತು ಹೆಡಿಂಗ್; ಮೇನ್, ನ್ಯಾವ್ ಸೇರಿಸಲು ಐದು ನಿಮಿಷ ಸಾಕು. ಜೋಡಣೆಗೆಂದೇ ಇರುವ ಡಿವ್‌ಗಳನ್ನು ಮುಟ್ಟಬೇಡಿ. ಟ್ಯಾಗ್ ಬದಲಿಸುವಾಗ ಕ್ಲಾಸ್ ಹೆಸರು ಹಾಗೇ ಉಳಿಸಿಕೊಳ್ಳಿ, ಸಿಎಸ್‌ಎಸ್ ಮತ್ತು ಸ್ಕ್ರಿಪ್ಟ್‌ನಲ್ಲಿ ಡಿವ್ ಎಂದು ಶುರುವಾಗುವ ಸೆಲೆಕ್ಟರ್‌ಗಳನ್ನು ಹುಡುಕಿ ಆ ಡಿವ್ ಪದ ತೆಗೆಯಿರಿ. ಟ್ಯಾಗ್ ಬದಲಾದ ಮೇಲೆ ಬಟನ್ ಸತ್ತಂತೆ ಬಿದ್ದಿದ್ದರೆ ಕಾರಣ ಬಹುಪಾಲು ಅಲ್ಲೇ ಇರುತ್ತದೆ.