1 ಎಚ್‌ಪಿ ಜೆಟ್ ಏರೇಟರ್: ಯಂತ್ರಕ್ಕೆ ನಾಲ್ಕು ಸ್ಟಾರ್, ಜೊತೆಗೆ ಕೊಡುವ ಹಗ್ಗಕ್ಕೆ ಸೊನ್ನೆ

ಅಪಾರ್ಟ್‌ಮೆಂಟ್ ಕೊಳ, ಸಣ್ಣ ಮೀನು ಹೊಂಡಗಳಿಗೆ, ನೀರಿಗೆ ಗಾಳಿ ಬೆರೆಸುವ ಈ ಸಿಂಗಲ್ ಫೇಸ್ ಏರೇಟರ್ ಸಾಕು. ತಳದಲ್ಲಿ ಕೂತ ಪಂಪು ನೀರನ್ನು ರಭಸದಿಂದ ಚಿಮ್ಮಿಸುತ್ತದೆ, ಆ ಸೆಳೆತಕ್ಕೆ ಮೇಲಿನ ಪೈಪಿನಿಂದ ಗಾಳಿ ತಾನಾಗಿಯೇ ಇಳಿಯುತ್ತದೆ. ಗಾಳಿ ಊದುವ ಬ್ಲೋವರ್ ಬೇಕಿಲ್ಲ, ಅಕ್ಕಪಕ್ಕದ ಫ್ಲ್ಯಾಟಿನವರಿಗೆ ಸದ್ದಿನ ಕಾಟವೂ ಇಲ್ಲ.

ಕ್ಯಾಟಲಾಗಿನಲ್ಲಿ ಹಾಕಿರುವ 'ಗಂಟೆಗೆ ಇಷ್ಟು ಆಮ್ಲಜನಕ' ಲೆಕ್ಕವನ್ನು ಮಾತ್ರ ಹಾಗೇ ನಂಬಬೇಡಿ. ಅದು 20 ಡಿಗ್ರಿಯ ಶುದ್ಧ ನೀರಿಗೆ, ಅದೂ ಆಮ್ಲಜನಕ ಪೂರ್ತಿ ಖಾಲಿಯಾದ ನೀರಿಗೆ ಹಾಕಿದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಶೇ 10ರಷ್ಟು ಕಡಿಮೆ. ಏಪ್ರಿಲ್ ಬಿಸಿಲು, ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು ಎರಡೂ ಸೇರಿದರೆ ಇನ್ನೂ ಇಳಿಯುತ್ತದೆ.

ಇನ್ನು ಹಗ್ಗ. ಡಬ್ಬಿಯಲ್ಲಿ ಬರುವುದು ತೆಳು ಪ್ಲಾಸ್ಟಿಕ್ ಹಗ್ಗ. ನೀರೂ ಬಿಸಿಲೂ ಸೇರುವ ಜಾಗದಲ್ಲಿ ಅದು ಪುಡಿಪುಡಿಯಾಗಿ ಎಳೆ ಬಿಡುತ್ತದೆ. ಹಗ್ಗ ಹೋದ ಮೇಲೆ ಕೈ ಹೋಗುವುದು ಕೇಬಲ್ಲಿಗೆ. ಕೇಬಲ್ ಹಿಡಿದು ಎಳೆದರೆ ಅದು ಮೋಟರಿನೊಳಗೆ ಹೋಗುವ ಜಾಗದ ಬಿಗಿ ಮುಚ್ಚಳ (ಗ್ಲ್ಯಾಂಡ್) ಸಡಿಲಾಗಿ ನೀರು ನೇರ ಮೋಟರಿನ ತಂತಿ ಸುರುಳಿಗೆ, ಅಂದರೆ ವೈಂಡಿಂಗಿಗೆ. ಕೊಂಡ ದಿನವೇ 6 ಎಂಎಂ ಸ್ಟೇನ್‌ಲೆಸ್ ಚೈನು, ಅದೇ ಲೋಹದ ಡಿ-ಶ್ಯಾಕಲ್ (ಚೈನು ಸಿಕ್ಕಿಸುವ ಡಿ ಆಕಾರದ ಕೊಂಡಿ) ಹಾಕಿಸಿ, ಪಿನ್ನು ಕಳಚದಂತೆ ಅದಕ್ಕೆ ತಂತಿ ಸುತ್ತಿ. ಕೇಬಲನ್ನು ಚೈನಿಗೆ ಅಲ್ಲಲ್ಲಿ ಸಡಿಲವಾಗಿ ಕಟ್ಟಿದರೆ ಭಾರವೆಲ್ಲ ಚೈನಿನ ಮೇಲೇ ಬೀಳುತ್ತದೆ.

ಸ್ವಚ್ಛ ಮಾಡಲು ಯಂತ್ರವನ್ನು ಮೇಲೆತ್ತುವುದಾದರೆ ಮಧ್ಯಾಹ್ನ ಎತ್ತಿ. ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ನಸುಕಿನ ಹೊತ್ತಿಗೆ ಮೀನಿಗೆ ಉಸಿರು ಸಿಗುವುದೇ ಕಷ್ಟ. ಸಂಜೆಯೊಳಗೆ ಮತ್ತೆ ಚಾಲೂ ಆಗಬೇಕು. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಮೇನ್ ಇಳಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ; ಅಲ್ಲಿಯವರೆಗೆ ಯಾರೂ ನೀರಿಗಿಳಿಯಬಾರದು. ಹೂಳಿನಲ್ಲಿ ಕಚ್ಚಿಕೊಂಡಿದ್ದರೆ ಜಗ್ಗಬೇಡಿ. ಚೈನನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಓರೆ ಎಳೆದು ಹಿಡಿತ ಬಿಡಿಸಿ, ಆಮೇಲೆ ನೇರ ಮೇಲಕ್ಕೆ. ನೀರಿನೊಳಗೆ ಹಗುರವೆನಿಸಿದ್ದು ಮೇಲ್ಮೈ ದಾಟಿದ ಕೂಡಲೇ ಭಾರವಾಗುತ್ತದೆ, ಕೈ ಜಾರುವುದೂ ಅಲ್ಲೇ. ದಂಡೆ ಎತ್ತರವಿದ್ದರೆ ಟ್ರೈಪಾಡ್, ಚೈನ್ ಬ್ಲಾಕ್ ಬಾಡಿಗೆಗೆ ತನ್ನಿ.

ಜಾಲರಿ ಬಿಚ್ಚಿದರೆ ಇಂಪೆಲ್ಲರಿಗೆ (ನೀರು ತಳ್ಳುವ ತಿರುಗು ಚಕ್ರ) ಸುತ್ತಿದ ದಾರ, ಪ್ಲಾಸ್ಟಿಕ್ ಕವರ್, ತಾವರೆ ಬೇರು. ಗಣೇಶ ಬಿಡುವ ಕೊಳವಾದರೆ ಹಬ್ಬಕ್ಕೆ ಮುಂಚೆಯೇ ಎತ್ತಿಟ್ಟುಬಿಡಿ. ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರವನ್ನು ಉಳಿಯಿಂದ ಕೆರೆಯಬೇಡಿ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ನೀರಿನಲ್ಲಿ ಬರಿ ಇಂಪೆಲ್ಲರ್, ಜಾಲರಿ ನೆನೆಸಿಡಿ. ಮೋಟರ್ ಗುಂಯ್‌ಗುಡುತ್ತಿದ್ದು ಗುಳ್ಳೆ ಬರದಿದ್ದರೆ ಮೊದಲು ಗಾಳಿ ಪೈಪಿನ ಬಾಯಿ ನೋಡಿ: ಕುಂಬಾರ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಸಣ್ಣ ಕಣ್ಣಿನ ಬಲೆ ಬಿಗಿದರೆ ಆ ತಾಪತ್ರಯ ತಪ್ಪುತ್ತದೆ.

ಆಯಿಲ್ ಸ್ಕ್ರೂ ಬಿಚ್ಚಿ ಎರಡು ಹನಿ ಬಿಳಿ ಬಟ್ಟೆಗೆ ಹಾಕಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮೋಟರಿಗೆ ನೀರು ನುಗ್ಗದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸೋರುತ್ತಿದೆ ಎಂದರ್ಥ. ಬರೀ ಎಣ್ಣೆ ಬದಲಿಸಿ ಇಳಿಸಿದರೆ ಮುಂದಿನ ಸರದಿ ವೈಂಡಿಂಗಿನದು. ಹೊಸ ಎಣ್ಣೆಯನ್ನು ಕತ್ತಿನವರೆಗೆ ತುಂಬಬೇಡಿ, ಬಿಸಿಗೆ ಹಿಗ್ಗಲು ಜಾಗ ಬೇಕು. ಸ್ಟಾರ್ಟರಿನಿಂದ ತಂತಿ ಬಿಡಿಸಿ 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚಿ. 1 ಮೆಗಾಓಮಿಗಿಂತ ಕೆಳಗಿದ್ದರೆ ನೀರಿಗಿಳಿಸಬೇಡಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇಲ್ಲದ ಲೈನಿಗೆ ಇದನ್ನು ಕೊಡಲೇಬಾರದು. ಸೀಲು, ಬೇರಿಂಗು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ, ಹಳೆಯದನ್ನು ಕೈಯಲ್ಲೇ ಒಯ್ಯಿರಿ.

ಮತ್ತೆ ಇಳಿಸುವಾಗ ಕಲ್ಲುಚಪ್ಪಡಿಯ ಮೇಲೆ ಕೂರಿಸಿ, ಹೂಳಿನ ಮೇಲಲ್ಲ. ತಿಂಗಳುಗಟ್ಟಲೆ ನಿಂತಿದ್ದ ಕೊಳವಾದರೆ ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಏರಿಸಿ. ಒಮ್ಮೆಲೇ ಓಡಿಸಿದರೆ ತಳದ ಕೊಳೆ, ಕೊಳೆತ ಮೊಟ್ಟೆ ವಾಸನೆಯ ಅನಿಲ ಎದ್ದು ಇದ್ದ ಆಮ್ಲಜನಕವನ್ನೂ ನುಂಗುತ್ತವೆ. ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ, ಬೈಗುಳ ಏರೇಟರಿಗೆ.