ಕೋರ್ಟಿಗೆ ಹೋಗುತ್ತಾ ಕ್ಲ್ಯಾಟ್ ಪಿಜಿ ಓದಿದ್ದು: ಒಂದು ಆನ್‌ಲೈನ್ ಕೋರ್ಸಿನ ಹದಿನೇಳು ತಿಂಗಳ ಬಳಕೆ

ನಾನು ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್ ವಕೀಲ. ಬೆಳಗ್ಗೆ ಒಂಬತ್ತಕ್ಕೆ ಸೀನಿಯರ್ ಆಫೀಸು, ಹನ್ನೊಂದಕ್ಕೆ ಕೋರ್ಟು, ಸಂಜೆ ಆರರಿಂದ ಮತ್ತೆ ಆಫೀಸಿನಲ್ಲಿ ಕಕ್ಷಿದಾರರು. ಮನೆ ಸೇರುವಾಗ ಒಂಬತ್ತೂವರೆ ದಾಟಿರುತ್ತದೆ. ಇದರ ನಡುವೆ ಕ್ಲ್ಯಾಟ್ ಪಿಜಿ, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಎಲ್‌ಎಲ್‌ಎಂ ಮಾಡಬೇಕು ಅಂತ ಹುಚ್ಚು ಹತ್ತಿದ್ದು 2024ರ ಜೂನ್‌ನಲ್ಲಿ. ಜುಲೈ ಮೊದಲ ವಾರ 18,500 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ಕೋರ್ಸ್ ತಗೊಂಡೆ. 'ಕೆಲಸ ಮಾಡುತ್ತಾ ಓದುವವರಿಗೆ' ಎಂದೇ ಮಾರುತ್ತಿದ್ದ ಪ್ಯಾಕೇಜ್ ಅದು. ಕಂಪನಿಯ ಹೆಸರು ಹೇಳುವುದಿಲ್ಲ. ನಂತರ ಗೆಳೆಯರ ಬೇರೆ ಎರಡು ಕೋರ್ಸ್‌ಗಳನ್ನೂ ಇಣುಕಿ ನೋಡಿದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎರಕದವು.

2024ರ ಡಿಸೆಂಬರ್ 1ರಂದು ಒಮ್ಮೆ, 2025ರ ಡಿಸೆಂಬರ್ 7ರಂದು ಮತ್ತೊಮ್ಮೆ ಪರೀಕ್ಷೆ ಬರೆದೆ. ಎರಡೂ ಸಲ ಇದೇ ಕೋರ್ಸ್ ಕೈಯಲ್ಲಿತ್ತು. ಹಾಗಾಗಿ ವಾರ ಬಳಸಿ ಐದು ಸ್ಟಾರ್ ಕೊಟ್ಟವರ ವಿಮರ್ಶೆ ಅಲ್ಲ ಇದು.

ಮೊದಲು ಲೆಕ್ಕ. ಕೋರ್ಸಿನಲ್ಲಿ 340 ಗಂಟೆ ರೆಕಾರ್ಡೆಡ್ ವಿಡಿಯೊ ಇದೆ. ಜಾಹೀರಾತಿನಲ್ಲಿ ಇದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ನನಗೆ ಸಿಗುತ್ತಿದ್ದದ್ದು ಬೆಳಗ್ಗೆ ಐದೂಕಾಲರಿಂದ ಆರೂಮುಕ್ಕಾಲರವರೆಗೆ, ಒಂದೂವರೆ ಗಂಟೆ. ಒಂದು ದಿನವೂ ತಪ್ಪದೆ ಬರೀ ವಿಡಿಯೊ ನೋಡಿದರೂ 227 ದಿನ ಬೇಕು. ಮೊದಲ ಪರೀಕ್ಷೆಗೆ ಇದ್ದದ್ದು ಐದು ತಿಂಗಳು, ಅದೂ ಪೂರ್ತಿ ಇಲ್ಲ. ಈ ಭಾಗಾಕಾರವನ್ನು ದುಡ್ಡು ಕಟ್ಟುವ ಮೊದಲು ಮಾಡಬೇಕಿತ್ತು, ನಾನು ಆಗಸ್ಟ್ ಕೊನೆಗೆ ಮಾಡಿದೆ. ಅಷ್ಟರಲ್ಲಿ ಸಂವಿಧಾನದ ಪೀಠಿಕೆಯ ಮೇಲಿನ ನಾಲ್ಕು ಗಂಟೆಯ ಉಪನ್ಯಾಸವನ್ನು ಭಕ್ತಿಯಿಂದ ಕೇಳಿ ಮುಗಿಸಿದ್ದೆ! ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇಸು ಹಾಕಿದ್ದು, 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು 7:6ರಲ್ಲಿ ಸಂವಿಧಾನದ ಮೂಲ ರಚನೆಯ ತೀರ್ಪು ಕೊಟ್ಟದ್ದು ಯಾವ ಕಾನೂನು ವಿದ್ಯಾರ್ಥಿಗೆ ಗೊತ್ತಿಲ್ಲ ಹೇಳಿ. ಅದನ್ನೇ ಕತೆಯ ಹಾಗೆ ಮುಕ್ಕಾಲು ಗಂಟೆ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ಅದೇ ತೊಂದರೆ.

ಪರೀಕ್ಷೆ ಕೇಳುವುದೇ ಬೇರೆ. 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಾದರೆ 0.25 ಕಡಿತ. ಒಂದು ತೀರ್ಪಿನ ತುಣುಕನ್ನೋ ಕಾಯ್ದೆಯ ಭಾಗವನ್ನೋ ಕೊಟ್ಟು, ಅದರ ಬೆನ್ನಿಗೆ ಪ್ರಶ್ನೆಗಳನ್ನು ಪೇರಿಸುತ್ತಾರೆ. ಐದು ಪ್ರಶ್ನೆಯ ಒಂದು ಪ್ಯಾಸೇಜ್ ಅಂದರೆ ಓದುವುದಕ್ಕೂ ಉತ್ತರಕ್ಕೂ ಸೇರಿ ಐದೇ ನಿಮಿಷ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಅರ್ಥವಾಗುತ್ತದೆ, ಬರೆಯುತ್ತೇನೆ, ವಾದವನ್ನೂ ಮಾಡುತ್ತೇನೆ. ಆದರೆ ಓದುವ ವೇಗ ಕಡಿಮೆ. ಶುರುವಿನಲ್ಲಿ ಬರೀ ಪ್ಯಾಸೇಜ್ ಓದುವುದಕ್ಕೇ ನಾಲ್ಕು ನಿಮಿಷ ಹಿಡಿಯುತ್ತಿತ್ತು. 340 ಗಂಟೆಯಲ್ಲಿ ಇದರ ಬಗ್ಗೆ ಒಂದೇ ಒಂದು ಮಾತಿಲ್ಲ.

ಅದಕ್ಕೆ ಮದ್ದು ಸಿಕ್ಕಿದ್ದು ಪುಕ್ಕಟೆಯಾಗಿ. ಸುಪ್ರೀಂ ಕೋರ್ಟ್ 2023ರ ಜನವರಿಯಿಂದ ತನ್ನ ವರದಿಯಾದ ತೀರ್ಪುಗಳನ್ನು ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಮೊದಲು ಕನ್ನಡದ್ದು ಓದುತ್ತಿದ್ದೆ, ಆಮೇಲೆ ಇಂಗ್ಲಿಷ್ ಮೂಲದ ಅದೇ ಪ್ಯಾರಾಗಳು. ಅನುವಾದದ ಕನ್ನಡ ಕೆಲವು ಕಡೆ ಕಬ್ಬಿಣದ ಕಡಲೆ, ನಗು ಬರುವಷ್ಟು. ಆದರೂ ವಿಷಯ ತಲೆಯಲ್ಲಿದ್ದರೆ ಇಂಗ್ಲಿಷ್ ಸರಸರ ಸಾಗುತ್ತದೆ. ಮೂರು ತಿಂಗಳಲ್ಲಿ ನಾಲ್ಕು ನಿಮಿಷ ಎರಡೂಕಾಲಕ್ಕೆ ಇಳಿಯಿತು.

ಇನ್ನು ಕೋರ್ಸಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು. ಮಾಕ್ ಟೆಸ್ಟ್. ಅದರಲ್ಲೂ ಪೂರ್ತಿ ಮಾಕ್‌ಗಿಂತ 30 ನಿಮಿಷದ ಚಿಕ್ಕ ಟೆಸ್ಟ್‌ಗಳು. ಪೂರ್ತಿ ಮಾಕ್‌ಗೆ ಎರಡು ಗಂಟೆ, ತಪ್ಪು ನೋಡಲು ಇನ್ನೆರಡು ಗಂಟೆ. ಭಾನುವಾರ ಬಿಟ್ಟರೆ ನನ್ನಂಥವರಿಗೆ ಅದು ಆಗದ ಮಾತು. ಚಿಕ್ಕದಾದರೆ ಬೆಳಗ್ಗೆ ಒಂದು ಬರೆದು, ಉಳಿದ ಒಂದು ಗಂಟೆ ಎಲ್ಲಿ ಎಡವಿದೆ ಅಂತ ನೋಡಬಹುದು. ಪ್ರತಿ ಪ್ರಶ್ನೆಗೆ ಎಷ್ಟು ಸೆಕೆಂಡ್ ತಗೊಂಡೆ ಅಂತ ತೋರಿಸುವ ಒಂದು ಪರದೆ ಇದೆ. ಇಡೀ 18,500ರಲ್ಲಿ ಬೆಲೆ ಬಾಳುವುದು ಇದೊಂದೇ ಅಂದರೂ ತಪ್ಪಲ್ಲ.

ಆ ಪರದೆ ತೋರಿಸಿದ ಒಂದು ಸಂಗತಿ ಹೇಳುತ್ತೇನೆ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿನೀತಾ ಶರ್ಮಾ ತೀರ್ಪಿನ ಪ್ಯಾಸೇಜ್ ಒಂದು ಬಂದಿತ್ತು. 2020ರ ತೀರ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಿಲ್ಲ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳಿದ್ದು. ಐದು ಪ್ರಶ್ನೆ, ಮೂರೂವರೆ ನಿಮಿಷ, ಐದೂ ಸರಿ. ಯಾಕೆ ಆಗುವುದಿಲ್ಲ? ನಮ್ಮ ಆಫೀಸಿನ ರ‍್ಯಾಕಿನಲ್ಲಿ ಅರ್ಧಕ್ಕರ್ಧ ಆಸ್ತಿ ವಿಭಾಗದ ದಾವೆಗಳೇ. ಮುಂದಿನದು ತೆರಿಗೆ ಪ್ಯಾಸೇಜ್: ಒಂಬತ್ತು ನಿಮಿಷ, ಎರಡು ಸರಿ. ಆವತ್ತೇ ಪಟ್ಟಿ ಮಾಡಿದೆ. ಪಿಜಿ ಸಿಲೆಬಸ್‌ನಲ್ಲಿ ಹದಿಮೂರು ವಿಷಯ. ಕುಟುಂಬ ಕಾನೂನು, ಆಸ್ತಿ, ಕರಾರು, ಕ್ರಿಮಿನಲ್ ನನ್ನ ದಿನದ ಅನ್ನ. ಇವುಗಳ ವಿಡಿಯೊ ಮುಟ್ಟಲೇ ಇಲ್ಲ. ಕಂಪನಿ, ತೆರಿಗೆ, ಅಂತರರಾಷ್ಟ್ರೀಯ ಕಾನೂನು, ನ್ಯಾಯಶಾಸ್ತ್ರ ನಮ್ಮ ಕೋರ್ಟಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ಇವಕ್ಕೆ ಮಾತ್ರ ವಿಡಿಯೊ, ಅದೂ 1.75 ವೇಗದಲ್ಲಿ. ಕೊನೆಗೆ ನಾನು ನೋಡಿದ್ದು 340ರಲ್ಲಿ ಸುಮಾರು 60 ಗಂಟೆ. ಸಂವಿಧಾನವನ್ನು ಹೊಸ ತೀರ್ಪುಗಳಿಂದಲೇ ಓದಿಕೊಂಡೆ: ಚುನಾವಣಾ ಬಾಂಡ್, ಒಳಮೀಸಲಾತಿ, ಸಮುದಾಯದ ಸಂಪನ್ಮೂಲ ಹಂಚಿಕೆಯ 39(ಬಿ) ವಿಧಿಯ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಮೂರೂ 2024ರವು.

ಈಗ ದೂರು. 2024ರ ಜುಲೈ 1ರಿಂದ ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾಯ್ದೆ ಮೂರರ ಜಾಗಕ್ಕೂ ಹೊಸವು ಬಂದವು. ನಾನು ಸೇರಿದ್ದು ಅದೇ ವಾರ. 'ಹೊಸ ಕಾನೂನುಗಳೊಂದಿಗೆ ಪೂರ್ತಿ ಅಪ್‌ಡೇಟ್' ಅಂದಿದ್ದರು. ಅಕ್ಟೋಬರ್‌ನ ಒಂದು ಟೆಸ್ಟ್‌ನಲ್ಲಿ ಬಿಎನ್‌ಎಸ್‌ಎಸ್, ಅಂದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾಯ್ದೆಯ 482ನೇ ಕಲಂ ಯಾವುದರ ಬಗ್ಗೆ ಎಂಬ ಪ್ರಶ್ನೆ ಬಂತು. ನಾನು ನಿರೀಕ್ಷಣಾ ಜಾಮೀನು ಅಂತ ಒತ್ತಿದೆ. ಕೆಂಪು ಗುರುತು! ಅವರ ಪ್ರಕಾರ ಸರಿ ಉತ್ತರ, ಹೈಕೋರ್ಟಿನ ಅಂತರ್ಗತ ಅಧಿಕಾರ. ಅದು ಹಳೆಯ ಸಿಆರ್‌ಪಿಸಿಯ 482. ಹೊಸದರಲ್ಲಿ ಆ ಅಧಿಕಾರ 528ಕ್ಕೆ ಹೋಗಿದೆ, ಹಳೆಯ 438ರ ನಿರೀಕ್ಷಣಾ ಜಾಮೀನು 482ಕ್ಕೆ ಬಂದು ಕೂತಿದೆ. ಬಾರ್ ರೂಮಿನಲ್ಲಿ ಆಗ ದಿನಾ ಇದೇ ಗೋಳು. ಜೀವನಾಂಶದ 125 ಈಗ 144. ಹಳೆಯ 144, ಅಂದರೆ ಪತ್ರಿಕೆಯಲ್ಲಿ ಬರುತ್ತಿದ್ದ ನಿಷೇಧಾಜ್ಞೆ, ಈಗ 163. ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದ ಹಿರಿಯರೂ ಜಾಮೀನು ಅರ್ಜಿಯ ಶೀರ್ಷಿಕೆ ಬರೆಯುವಾಗ ಒಮ್ಮೆ ಪುಸ್ತಕ ತೆಗೆದು ನೋಡುತ್ತಿದ್ದರು. ಅವರಾದರೂ ನೋಡುತ್ತಿದ್ದರು. ನಮ್ಮ ಕೋರ್ಸಿನವರು ಹಳೆಯ ಪ್ರಶ್ನೆಯಲ್ಲಿ ಕಾಯ್ದೆಯ ಹೆಸರನ್ನು ಮಾತ್ರ ತಿದ್ದಿ ಕೈತೊಳೆದುಕೊಂಡಿದ್ದರು ಅಂತ ಕಾಣುತ್ತದೆ.

ದೂರು ಕಳಿಸಿದೆ, ಕಲಮಿನ ಪೂರ್ತಿ ಪಾಠದ ಸಮೇತ. ಹತ್ತೊಂಬತ್ತು ದಿನದ ಮೇಲೆ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಒಂದು ಸಾಲು ಬಂತು. ಕಲಂ 482 ನನ್ನ ಅಭಿಪ್ರಾಯ ಅಂತೆ! ಉತ್ತರ ತಿದ್ದಿದ್ದು 2025ರ ಮಾರ್ಚ್‌ನಲ್ಲಿ. ನಾನು ದಿನಾ ಇದರಲ್ಲೇ ಮುಳುಗಿರುವುದರಿಂದ ಸಿಕ್ಕಿಬಿತ್ತು. ಈಗಷ್ಟೇ ಓದು ಮುಗಿಸಿದವರು ತಪ್ಪನ್ನೇ ಕಲಿತು ಹೋಗಿರುತ್ತಾರೆ. ಕ್ರಿಮಿನಲ್ ಟೆಸ್ಟ್ ಬರೆಯುವಾಗ ಪಕ್ಕದಲ್ಲಿ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಾಠ) ಇಟ್ಟುಕೊಳ್ಳಿ.

ಎರಡನೇ ದೂರು ನೋಟ್ಸ್‌ದು. ಆ್ಯಪ್ ಒಳಗೇ ಓದಬೇಕು, ಪ್ರಿಂಟ್ ಆಗುವುದಿಲ್ಲ. ನನ್ನ ಓದಿನ ಇನ್ನೊಂದು ಭಾಗ ನಡೆಯುವುದೇ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ, ನಮ್ಮ ಕೇಸು ಕೂಗುವವರೆಗೆ. ಅಲ್ಲಿ ಫೋನ್ ತೆಗೆದರೆ ಸಾಹೇಬರ ಕಣ್ಣು ನೇರ ಇತ್ತಲೇ. ಹಾಗಾಗಿ ರಾತ್ರಿ ಮಲಗುವ ಮೊದಲು ಕೇಸ್ ಶೀಟಿನ ಖಾಲಿ ಬೆನ್ನಿನ ಮೇಲೆ ಹತ್ತು ಸಾಲು ಕೈಯಲ್ಲಿ ಇಳಿಸಿಕೊಂಡು, ಮಡಚಿ ಕೋಟಿನ ಜೇಬಿಗೆ ಹಾಕುತ್ತಿದ್ದೆ. ಒಂದು ದಿನ ಮುಂದೂಡಿಕೆ ಅರ್ಜಿ ಅಂತ ಬೆಂಚ್ ಕ್ಲರ್ಕ್ ಕೈಗೆ ಕೊಟ್ಟದ್ದು ನ್ಯಾಯಶಾಸ್ತ್ರಜ್ಞ ಹಾರ್ಟ್‌ನ ನಿಯಮ ಸಿದ್ಧಾಂತ. ಅವರು ತಿರುಗಿಸಿ ಮುರುಗಿಸಿ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು.

ಮೂರನೆಯದು ನನ್ನ ತಪ್ಪೂ ಹೌದು. ಟೆಸ್ಟ್ ಎಲ್ಲ ಪರದೆ ಮೇಲೆ, ಬೆರಳಿಂದ ಒತ್ತಿದರೆ ಆಯಿತು. ನಿಜವಾದ ಪರೀಕ್ಷೆ ಕಾಗದದ ಮೇಲೆ, ಸೊನ್ನೆ ತುಂಬುವ ಓಎಂಆರ್ ಶೀಟು, ಬಾಲ್ ಪೆನ್. ಒಮ್ಮೆ ತುಂಬಿದ ಸೊನ್ನೆಯನ್ನು ಅಳಿಸುವ ಹಾಗಿಲ್ಲ. ಮೊದಲ ಸಲ ಉತ್ತರವನ್ನೆಲ್ಲ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು ಕೊನೆಗೆ ಒಟ್ಟಿಗೆ ತುಂಬೋಣ ಅಂದುಕೊಂಡೆ. ಹತ್ತು ನಿಮಿಷ ಇದೆ ಅಂತ ಕೂಗಿದಾಗ ನನ್ನ ಶೀಟು ಇನ್ನೂ ಬೆಳ್ಳಗಿತ್ತು. ಕೈ ನಡುಗಿ, ಒಂದು ಸಾಲು ಜಾರಿ, ನಾಲ್ಕು ಉತ್ತರ ಅಕ್ಕಪಕ್ಕ ಆದವು. ಬಂದದ್ದು 38.5. ಎರಡನೇ ವರ್ಷ ಓಎಂಆರ್ ಶೀಟಿನ ಐವತ್ತು ಜೆರಾಕ್ಸ್ ಮಾಡಿಸಿಕೊಂಡೆ. ಪರೀಕ್ಷೆ ನಡೆಸುವ ಕನ್ಸೋರ್ಷಿಯಂ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಅವನ್ನು ಪ್ರಿಂಟ್ ಹಾಕಿಸಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಪರೀಕ್ಷೆಯದೇ ಹೊತ್ತಿಗೆ, ಪೆನ್ನಿನಲ್ಲಿ ಬರೆದೆ. 120 ಸೊನ್ನೆ ತುಂಬಲು ನನಗೆ ಎಂಟು ನಿಮಿಷ ಬೇಕು. ಈಗ ಪ್ರತಿ ಪ್ಯಾಸೇಜ್ ಮುಗಿದ ಕೂಡಲೇ ತುಂಬುತ್ತೇನೆ.

ಊಹೆ ಹೊಡೆಯುವ ವಿಷಯದಲ್ಲಿ ಕೋರ್ಸಿನ ಮೇಷ್ಟ್ರ ಜೊತೆ ನನಗೆ ಜಗಳವಿದೆ. 'ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ' ಅಂತ ಪ್ರತಿ ವಿಡಿಯೊದಲ್ಲಿ ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಹೊಡೆದರೂ ಸರಾಸರಿಯಲ್ಲಿ ನಷ್ಟವಿಲ್ಲ, ಲಾಭ ಸೊನ್ನೆಗಿಂತ ಕೂದಲೆಳೆಯಷ್ಟು ಜಾಸ್ತಿ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ ಪ್ರಶ್ನೆಗೆ ಸರಾಸರಿ ಆರನೇ ಒಂದು ಅಂಕ ಸಿಗುತ್ತದೆ. ಕಡಿತಕ್ಕಿಂತ ನನ್ನನ್ನು ಕೊಂದದ್ದು ಆತುರದ ಓದು. ಮೊದಲ ವರ್ಷದ ಒಂದು ಮಾಕ್‌ನಲ್ಲಿ 118 ಪ್ರಶ್ನೆ ಮುಟ್ಟಿದ್ದೆ: 66 ಸರಿ, 52 ತಪ್ಪು, ಒಟ್ಟು 53. ಮುಂದಿನ ವರ್ಷದ ಒಂದರಲ್ಲಿ ಎರಡು ಉದ್ದನೆಯ ತೆರಿಗೆ ಪ್ಯಾಸೇಜ್‌ಗಳನ್ನು ಕೊನೆಗೆ ತಳ್ಳಿ, ಉಳಿದದ್ದನ್ನು ನಿಧಾನ ಓದಿದೆ. 102 ಮುಟ್ಟಿದ್ದು, 72 ಸರಿ, 64.5 ಬಂತು. ಬಿಟ್ಟ ಹದಿನೆಂಟಕ್ಕೂ ಕೊನೆಯ ನಿಮಿಷದಲ್ಲಿ ಸುಮ್ನೆ ಒಂದೊಂದು ಸೊನ್ನೆ ತುಂಬಿದ್ದರೆ ಸರಾಸರಿಯಲ್ಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಅವಧಿಯ ಬಗ್ಗೆ ಒಂದು ಎಚ್ಚರಿಕೆ. 'ಪರೀಕ್ಷೆ ಮುಗಿಯುವವರೆಗೆ' ಅಂತ ಫೋನಿನಲ್ಲಿ ಹೇಳಿದ್ದರು, ಬಿಲ್ಲಿನಲ್ಲಿ ಇದ್ದದ್ದು 365 ದಿನ. 2025ರ ಜುಲೈನಲ್ಲಿ ಬಾಗಿಲು ಹಾಕಿಕೊಂಡಿತು, ನನ್ನ ಟೆಸ್ಟ್‌ಗಳ ಇತಿಹಾಸದ ಸಮೇತ. ದಿನಾ ಕರಾರು ಪತ್ರ ಓದುವ ವಕೀಲ ತನ್ನದೇ ಬಿಲ್ಲು ಓದಿರಲಿಲ್ಲ. ಬರೀ ಮಾಕ್ ಟೆಸ್ಟ್‌ಗೆ 3,200 ಕೊಟ್ಟು ಮತ್ತೆ ತೆಗೆಸಿದೆ. ಮೊದಲೇ ಇಷ್ಟನ್ನೇ ಕೊಂಡಿದ್ದರೆ ಸಾಕಿತ್ತು. ಕ್ಲ್ಯಾಟ್ ಅರ್ಜಿಗೇ 4,000 ರೂಪಾಯಿ ಆಗುತ್ತದೆ, ಜೂನಿಯರ್‌ಗಳ ಸಂಪಾದನೆ ನಿಮಗೆ ಗೊತ್ತೇ ಇದೆಯಲ್ಲ.

ಎರಡನೇ ಸಲ 57.25 ಬಂತು. ಹೆಚ್ಚುಕಡಿಮೆ ಹತ್ತೊಂಬತ್ತು ಅಂಕದ ಏರಿಕೆಯಲ್ಲಿ ಕೋರ್ಸಿಗೆ ಏಳು ಕೊಡುತ್ತೇನೆ, ಜೆರಾಕ್ಸ್ ಅಂಗಡಿಗೆ ಐದು, ಉಳಿದದ್ದು ಆ ಕನ್ನಡ ತೀರ್ಪುಗಳಿಗೆ.

ಪೂರ್ತಿ ಪ್ಯಾಕೇಜ್‌ಗೆ ಐದರಲ್ಲಿ ಎರಡು ಸ್ಟಾರ್. ಬರೀ ಟೆಸ್ಟ್ ಸರಣಿಗೆ ನಾಲ್ಕು, ಕ್ರಿಮಿನಲ್ ಪ್ರಶ್ನೆಗಳನ್ನು ಬಿಟ್ಟು. ಕಂಪನಿಯ ಫೋನ್ ಈಗಲೂ ವಾರಕ್ಕೆರಡು ಸಲ ಬರುತ್ತದೆ, ಯಾವಾಗಲೂ ಮಧ್ಯಾಹ್ನ ಮೂರಕ್ಕೆ, ಪಾಟೀಸವಾಲು ನಡೆಯುವ ಹೊತ್ತಿಗೇ ಸರಿಯಾಗಿ. ಮೊನ್ನೆ ಹೊರಗೆ ಬಂದು ಎತ್ತಿದೆ. ಹೊಸ ಬ್ಯಾಚ್‌ನಲ್ಲಿ ವಿಡಿಯೊ 400 ಗಂಟೆ ಮಾಡಿದ್ದಾರಂತೆ.