ಹೊಯ್ಗೆಯೇ ಕಾವಲು: ದಿ ಹೇಗ್ ಬಳಿಯ ಝಾಂಡ್‌ಮೋಟರ್ ಕಂಡಂತೆ

ಮರವಂತೆಯ ಆಸುಪಾಸಿನಲ್ಲಿ ಬೆಳೆದ ನನಗೆ ಕಡಲ್ಕೊರೆತ ಎಂದೊಡನೆ ನೆನಪಾಗುವುದು ಲಾರಿಯಿಂದ ಬಂಡೆಗಲ್ಲು ಉರುಳುವ ಸದ್ದು. ಒಂದು ಮಳೆಗಾಲದಲ್ಲಿ ಸುರಿದ ಕಲ್ಲು ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಹೊಯ್ಗೆಯೊಳಗೆ ಹೂತುಹೋಗುವುದನ್ನು ನೋಡುತ್ತಲೇ ಬಂದವನಿಗೆ, ಕಲ್ಲನ್ನೇ ಬಳಸದೆ ಬರೀ ಮರಳಿನಿಂದ ದಡ ಕಾಯುವ ಕಾಮಗಾರಿಯೊಂದು ನೆದರ್ಲೆಂಡ್ಸಿನಲ್ಲಿದೆ ಎಂಬುದನ್ನು ಕಣ್ಣಾರೆ ಕಾಣದೆ ನಂಬುವುದು ಕಷ್ಟವಾಗಿತ್ತು. ದಿ ಹೇಗ್ ನಗರದ ದಕ್ಷಿಣಕ್ಕೆ, ಕೈಕ್‌ಡೌನ್ ಮತ್ತು ಟೆರ್ ಹೈಡೆ ಊರುಗಳ ನಡುವೆ ಇರುವ ಆ ಮರಳಿನ ಚಾಚನ್ನು ಅಲ್ಲಿಯವರು ಝಾಂಡ್‌ಮೋಟರ್, ಎಂದರೆ ಮರಳಿನ ಎಂಜಿನ್, ಎಂದು ಕರೆಯುತ್ತಾರೆ. ತೆರಿಗೆ ಹಣದಿಂದ ಜನರಿಗೆ ಒದಗಿಸಿದ ಒಂದು ಸೇವೆಯೆಂದು ಎಣಿಸಿಯೇ ಇದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

2011ರಲ್ಲಿ, ದಡದಿಂದ ಸುಮಾರು 10 ಕಿಲೋಮೀಟರ್ ದೂರದ ಸಮುದ್ರತಳದಿಂದ ಡ್ರೆಜ್ಜರ್ ಹಡಗುಗಳು ಹೀರಿ ತಂದ 2.15 ಕೋಟಿ ಘನ ಮೀಟರ್ ಮರಳನ್ನು ಇಲ್ಲಿ ಕೊಕ್ಕೆಯ ಆಕಾರದಲ್ಲಿ ಸುರಿಯಲಾಯಿತು. ಆಗ ಅದು ಕಡಲೊಳಕ್ಕೆ ಒಂದು ಕಿಲೋಮೀಟರ್ ಚಾಚಿಕೊಂಡಿತ್ತು. ಸುಮಾರು 7 ಕೋಟಿ ಯೂರೊ ಖರ್ಚಾಯಿತು ಎಂದರೆ, ಒಂದು ಘನ ಮೀಟರಿಗೆ ಮೂರೂಕಾಲು ಯೂರೊ ಬಿದ್ದಂತಾಯಿತು. ಡಚ್ಚರು ಸಾಮಾನ್ಯವಾಗಿ ಸುಮಾರು ಐದು ವರ್ಷಕ್ಕೊಮ್ಮೆ ದಡದುದ್ದಕ್ಕೂ ಮರಳು ತುಂಬುತ್ತಾರೆ. ಒಂದೆಡೆ ಒಮ್ಮೆಗೇ ರಾಶಿ ಹಾಕಿ, ಅದನ್ನು ಹಂಚುವ ಕೆಲಸವನ್ನು ಅಲೆ, ಗಾಳಿ ಮತ್ತು ಕಡಲಿನ ಸೆಳೆತಕ್ಕೇ ಬಿಟ್ಟರೆ ಇಪ್ಪತ್ತು ವರ್ಷ ನಿಶ್ಚಿಂತೆಯಾಗಿ ಇರಬಹುದು ಎಂಬ ಆಲೋಚನೆ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಸೆಲ್ ಸ್ಟೀವ್ ಅವರದು.

ಕಲ್ಲಿನ ಗೋಡೆಗೆ ಬಡಿದ ಅಲೆ ತನ್ನ ಬಲದ ಒಂದು ಪಾಲನ್ನು ಹೊತ್ತುಕೊಂಡೇ ಹಿಂದಿರುಗಿ, ಗೋಡೆಯ ಬುಡದ ಮರಳನ್ನು ಕೆದರಿ ಒಯ್ಯುತ್ತದೆ. ಬುಡ ಸಡಿಲವಾದ ಮೇಲೆ ಕಲ್ಲು ಜಾರದೆ ಇನ್ನೇನಾದೀತು? ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದ ಮನೆಯವರ ತೆಂಗಿನಮರಗಳು ಉರುಳುವುದಕ್ಕೂ ಕಾರಣ ಇದರೊಂದಿಗೇ ಹೊಂದಿಕೊಂಡಿದೆ, ಏಕೆಂದರೆ ದಡದುದ್ದಕ್ಕೂ ಸಾಗಬೇಕಾದ ಮರಳು ಅಲ್ಲಿಗೆ ತಲುಪುವುದೇ ಇಲ್ಲ. ಝಾಂಡ್‌ಮೋಟರ್‌ನಲ್ಲಿ ನಾನು ಕಂಡದ್ದು ಇದಕ್ಕೆ ತೀರಾ ವಿರುದ್ಧ. ದೂರದಲ್ಲೇ ಆಳ ಕಡಿಮೆಯಾಗುವುದರಿಂದ ಅಲೆ ಅಲ್ಲಿಯೇ ಮುರಿದು, ನೊರೆಯ ತೆಳು ಹಾಳೆಯಾಗಿ ಬಂದು ಕಾಲಿಗೆ ತಾಗುತ್ತದೆ. ಕೊಕ್ಕೆಯ ತುದಿ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ, ಸವೆದ ಮರಳು ಎರಡೂ ಬದಿಯ ಊರುಗಳ ದಡವನ್ನು ಅಗಲ ಮಾಡುತ್ತಿದೆ. ಸವೆತವನ್ನೇ ಕೆಲಸಕ್ಕೆ ಹಚ್ಚಿದ ಈ ಬುದ್ಧಿವಂತಿಕೆ ನನಗೆ ಬಹಳ ಹಿಡಿಸಿತು. ಹತ್ತು ವರ್ಷದ ಬಳಿಕ ನಡೆದ ಮೌಲ್ಯಮಾಪನವೂ ಇದು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂದೇ ಹೇಳಿತು.

ಕೊರತೆಗಳಿಲ್ಲವೆಂದಲ್ಲ. ಗಾಳಿಗೆ ಹಾರಿದ ಮರಳಿನಿಂದ ಹಿಂದಿನ ದಿಬ್ಬಗಳು ಬೇಗ ಬೆಳೆಯಬೇಕಿತ್ತು, ಆದರೆ ಬೆಳವಣಿಗೆ ನಿಧಾನ. ನಡೆಯುವಾಗ ಕಾರಣ ಕಾಲಿಗೇ ತಿಳಿಯುತ್ತದೆ: ನುಣುಪು ಮರಳು ಹಾರಿಹೋಗಿ ಮೇಲುಳಿದ ಚಿಪ್ಪುಗಳು ಹೆಜ್ಜೆಯಿಟ್ಟಲ್ಲೆಲ್ಲ ಕರಕರ ಎನ್ನುತ್ತವೆ, ಮತ್ತು ಆ ಪದರ ಕೆಳಗಿನ ಮರಳನ್ನು ಮುಚ್ಚಿ ಹಿಡಿದಿದೆ. ಒಂದಿಷ್ಟು ಮರಳು ನಡುವಿನ ಹಿನ್ನೀರು ಮತ್ತು ಕೆರೆಗೆ ಬಿದ್ದು ಅಲ್ಲಿಯೇ ನಿಲ್ಲುತ್ತದೆ. ಉಬ್ಬರ ಇಳಿತದ ಹೊತ್ತಿನಲ್ಲಿ ಹಿನ್ನೀರಿನ ಬಾಯಲ್ಲಿ ಸೆಳೆತ ಜೋರಾಗಿರುವುದರಿಂದ, ಅಳಿವೆಯ ಸ್ವಭಾವ ಬಲ್ಲವರು ಅಲ್ಲಿ ನೀರಿಗಿಳಿಯಲಾರರು. ಮಕ್ಕಳನ್ನು ಕರೆದೊಯ್ಯುವವರು ಈಜುವ ಆಸೆಯನ್ನು ಬೇರೆ ದಡಕ್ಕೆ ಮೀಸಲಿಡಲಿ.

ನಮ್ಮ ಕರಾವಳಿಗೆ ಇದು ಒಗ್ಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿದ್ದಷ್ಟು ಹೊತ್ತೂ ನನ್ನನ್ನು ಬಿಡಲಿಲ್ಲ. ಹಾಗೆಯೇ ಎತ್ತಿ ತಂದಿಟ್ಟರೆ ಒಗ್ಗದು ಎಂದೇ ನನ್ನ ಅನಿಸಿಕೆ. ನಮ್ಮಲ್ಲಿ ನೈಋತ್ಯ ಮಾರುತದ ಮೂರು ನಾಲ್ಕು ತಿಂಗಳ ಅಬ್ಬರಕ್ಕೆ ಹೊಯ್ಗೆ ಕಡಲೊಳಗೆ ಸರಿದು, ಮಳೆ ನಿಂತ ಮೇಲೆ ಮೆಲ್ಲಗೆ ದಡಕ್ಕೆ ಮರಳುತ್ತದೆ. ಆ ಓಡಾಟವನ್ನು ಅಳೆಯದೆ ಸುರಿದ ಮರಳು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಹೊಳೆಗಳಿಂದ ದಡಕ್ಕೆ ಬರಬೇಕಾದ ಮರಳನ್ನು ಮೊದಲೇ ಬಾಚಿ ಲಾರಿಗೆ ತುಂಬಿಸುತ್ತಿರುವಾಗ ಕಡಲಿನಿಂದ ಎತ್ತಿ ತಂದು ಹಾಕುವುದಕ್ಕೆ ಅರ್ಥವೂ ಇಲ್ಲ. ಡಚ್ಚರಿಂದ ನಾವು ತರಬಹುದಾದದ್ದು ಅವರ ಹೊಣೆಗಾರಿಕೆ. 1990ರಲ್ಲಿ ದಡ ಎಲ್ಲಿತ್ತೋ ಅಲ್ಲಿಂದ ಹಿಂದೆ ಸರಿಯಬಾರದೆಂದು ಅವರ ಸರ್ಕಾರ ಗೆರೆ ಹಾಕಿಕೊಂಡಿತು. ಅಂದಿನಿಂದ ದಡವನ್ನು ಪ್ರತಿವರ್ಷ ಅಳೆದು, ತಗ್ಗಿದಲ್ಲಿ ತುಂಬುತ್ತಲೇ ಬಂದಿದೆ. ಝಾಂಡ್‌ಮೋಟರ್ ಮೇಲೂ ಎತ್ತರದ ಕಂಬಕ್ಕೆ ಕ್ಯಾಮೆರಾ ಕಟ್ಟಿ ಮರಳು ಸರಿಯುವುದನ್ನು ಬಿಡದೆ ಗಮನಿಸಿದರು. ಕಲ್ಲು ಹಾಕಿ, ಬಿಲ್ಲು ಪಾಸಾದ ಮೇಲೆ ಯಾರೂ ತಿರುಗಿ ನೋಡದ ಗೋಡೆಗಳ ಪಕ್ಕದಲ್ಲಿ ಬದುಕಿದ ನಮಗೆ ಈ ಅಳತೆಯ ಶಿಸ್ತಿಗಿಂತ ದೊಡ್ಡ ಸೌಲಭ್ಯ ಬೇರೆ ಕಾಣದು.

ನೋಡಹೋಗುವವರು ಇಳಿತದ ಹೊತ್ತನ್ನು ತಿಳಿದುಕೊಂಡು, ಕಿವಿ ಮುಚ್ಚುವ ಬಟ್ಟೆಯೊಂದಿಗೆ ಕೈಕ್‌ಡೌನ್ ಕಡೆಯಿಂದ ನಡೆಯಲಿ. ಸಮುದ್ರತಳದಿಂದ ಬಂದ ಮರಳಾದ್ದರಿಂದ ಹಿಮಯುಗದ ಮ್ಯಾಮತ್ ಆನೆಗಳ ಮೂಳೆಯ ಚೂರುಗಳು ಇಲ್ಲಿ ಸಿಗುವುದುಂಟು. ನಾನು ಹೋದ ದಿನವೂ ಒಬ್ಬ ಅಜ್ಜ ಮತ್ತು ಮೊಮ್ಮಗಳು ತಲೆ ತಗ್ಗಿಸಿ ಚಿಪ್ಪುಗಳ ನಡುವೆ ಅದನ್ನೇ ಹುಡುಕುತ್ತಿದ್ದರು.